ಲುಜಿಯಾ, ಲೂಸಿಯಾ, ಲೂಸಿ: ನಮ್ಮ ಅಜ್ಜಿಯ ಹೆಸರು ನಿಜವಾಗಿ ಯಾವುದು, ಅದರ ಅರ್ಥವೇನು?

ಕಾಳಿತೀರ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನನ್ನ ತಮ್ಮನಿಗೆ ಹೆಣ್ಣುಮಗು ಹುಟ್ಟಿದೆ. ಮಕ್ಕಳಿಗೆ ಹಿರಿಯರ ಹೆಸರಿಡುವುದು ನಮ್ಮ ಮನೆಯ ವಾಡಿಕೆಯಾದ್ದರಿಂದ ಈ ಮಗುವಿಗೆ ನಮ್ಮ ಅಜ್ಜಿಯ ಹೆಸರನ್ನೇ ಇಡಬೇಕೆಂದು ಎಲ್ಲರೂ ಒಪ್ಪಿದ್ದೇವೆ. ಆದರೆ ಅಜ್ಜಿಯ ಹೆಸರು ಯಾವುದು ಎಂಬಲ್ಲಿಯೇ ತೊಡಕು ಎದ್ದಿದೆ.

ಅಜ್ಜಿ 1926ರಲ್ಲಿ ಗೋವಾದ ಸಾಸಷ್ಟಿಯಲ್ಲಿ ಹುಟ್ಟಿದವರು. ಆಗ ಅಲ್ಲಿ ಪೋರ್ಚುಗೀಸರ ಆಡಳಿತವಿತ್ತು. ಮದುವೆಯಾಗಿ ಕಾರವಾರಕ್ಕೆ ಬಂದ ಅವರು ಕೊನೆಯವರೆಗೂ ಇಲ್ಲಿಯೇ ಇದ್ದರು. ಕೇರಿಯವರಿಗೆಲ್ಲ ಅವರು ಲೂಸಿಬಾಯಿ. ಪಡಿತರ ಚೀಟಿಯಲ್ಲಿಯೂ ‘ಲೂಸಿ’ ಎಂದೇ ಇತ್ತು. ಸಮಾಧಿಯ ಕಲ್ಲಿನ ಮೇಲೆ, ಅದೇ ಪೂರ್ಣ ರೂಪವಿರಬೇಕೆಂದು ಊಹಿಸಿ, ‘ಲೂಸಿಯಾ’ ಎಂದು ಕೆತ್ತಿಸಿದೆವು. ಈಗ ಗೋವಾದ ಸಂಬಂಧಿಕರೊಬ್ಬರು ಅಜ್ಜಿಯ ಜ್ಞಾನಸ್ನಾನದ ದಾಖಲೆಯಿರುವ ಪುಟದ ಚಿತ್ರವನ್ನು ಕಳುಹಿಸಿದ್ದಾರೆ. ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಒತ್ತೊತ್ತಾಗಿ ಬರೆದ ಪೋರ್ಚುಗೀಸ್ ಬರಹ ಅದು. ಹೆಸರಿನ ಮೊದಲ ಎರಡು ಅಕ್ಷರಗಳು ಎಲ್ ಮತ್ತು ಯು, ಕೊನೆಯ ಎರಡು ಐ ಮತ್ತು ಎ ಎಂಬುದರಲ್ಲಿ ಸಂದೇಹವಿಲ್ಲ. ನಡುವಿನ ಅಕ್ಷರವು ಮಾತ್ರ ಗೆರೆಯ ಕೆಳಗೆ ಬಾಲವನ್ನು ಇಳಿಬಿಟ್ಟಿದೆ. ನೋಡಿದರೆ ಜಿ ಅಥವಾ ವೈ ಅಕ್ಷರದಂತಿದೆ. ನಾನು ಅದನ್ನು ‘ಲುಗಿಯಾ’ ಎಂದು ಓದಿಕೊಂಡೆ. ಅಂತಹ ಹೆಸರನ್ನು ನಾವು ಯಾರೂ ಕೇಳಿಲ್ಲ.

ಇದರ ಜೊತೆಗೆ ಇನ್ನೆರಡು ಆಕ್ಷೇಪಗಳು ಬಂದಿವೆ. ಈ ಹೆಸರು ‘ಲೂಸಿಫರ್’ ಎಂಬುದರಿಂದ ಬಂದದ್ದು, ಮಗುವಿಗೆ ಬೇಡ ಎಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ. ಶಾಲೆಯಲ್ಲಿ ಮಕ್ಕಳು ‘ಲೂಸು’ ಎಂದು ಕರೆದಾರು ಎಂಬುದು ತಮ್ಮನ ಹೆಂಡತಿಯ ಅಳುಕು. ತಿಳಿದವರು ದಯವಿಟ್ಟು ವಿವರಿಸಬೇಕು.

ಶಬ್ದಮೂಲ:

ಮಗುವಿಗೆ ಶುಭವಾಗಲಿ. ಮೊದಲು ಮೂಲದಿಂದ ಆರಂಭಿಸುತ್ತೇನೆ, ಏಕೆಂದರೆ ಮೂಲ ಸ್ಪಷ್ಟವಾದರೆ ಉಳಿದ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಲೂಸಿಯಾ ಎಂಬುದು ಲ್ಯಾಟಿನ್ ಹೆಸರು. ‘ಲೂಕಿಯುಸ್’ ಎಂಬ ಪುರುಷನಾಮದ ಸ್ತ್ರೀರೂಪ ‘ಲೂಕಿಯಾ’. ಎರಡೂ ‘ಲೂಕ್ಸ್’, ಅಂದರೆ ಬೆಳಕು, ಎಂಬ ಪದದಿಂದ ಬಂದಿವೆ. ಪ್ರಾಚೀನ ರೋಮಿನಲ್ಲಿ ಸಿ ಅಕ್ಷರಕ್ಕೆ ಎಲ್ಲೆಡೆಯೂ ಕಕಾರದ ಉಚ್ಚಾರವೇ ಇತ್ತು. ಗ್ರೀಕರು ಈ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆಯುವಾಗಲೂ ಕಕಾರವನ್ನೇ ಬಳಸಿದರು. ಕನ್ನಡ ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಬರುವ ‘ಲೂಕ್ಯ’ ಎಂಬಾತ ಇದೇ ಲೂಕಿಯುಸ್. ಗ್ರೀಕ್ ರೂಪವನ್ನು ಅನುಸರಿಸಿದ್ದರಿಂದ ಅಲ್ಲಿ ಕಕಾರ ಉಳಿದುಕೊಂಡಿದೆ.

ಹೆಸರಿನ ಅರ್ಥವನ್ನು ‘ಬೆಳಕು’ ಎಂದಷ್ಟೇ ಹೇಳಿ ಮುಗಿಸುವ ಪುಸ್ತಕಗಳೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ. ಕ್ರಿ.ಪೂ. ಮೊದಲ ಶತಮಾನದ ರೋಮನ್ ವಿದ್ವಾಂಸ ವಾರ್ರೋ ಲ್ಯಾಟಿನ್ ಭಾಷೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಮುಂಜಾನೆ ಹುಟ್ಟಿದವನು ಮಾನಿಯುಸ್, ಬೆಳಕು ಹರಿದಾಗ ಹುಟ್ಟಿದವನು ಲೂಕಿಯುಸ್, ತಂದೆ ತೀರಿಕೊಂಡ ಮೇಲೆ ಹುಟ್ಟಿದವನು ಪೋಸ್ತುಮುಸ್ ಎಂದು ಸಾಲಾಗಿ ವಿವರಿಸುತ್ತಾನೆ. ಅಂದರೆ ರೋಮನ್ನರ ತಿಳಿವಳಿಕೆಯಲ್ಲಿ ಇದು ಹುಟ್ಟಿದ ಹೊತ್ತನ್ನು ಸೂಚಿಸುವ ಹೆಸರು. ಕನ್ನಡದಲ್ಲಿ ಇದಕ್ಕೆ ನೇರವಾಗಿ ಹೊಂದುವ ಮಾತು ಬೆಳಕು ಅಲ್ಲ, ‘ಬೆಳಗು’. ಬೆಳಗು ಎಂದರೆ ಪ್ರಕಾಶಿಸು ಎಂಬುದೂ ಹೌದು, ಮುಂಜಾವು ಎಂಬುದೂ ಹೌದು. ಲೂಕಿಯಾ ಎಂದರೆ ಬೆಳಗಿನವಳು.

ರೋಮಿನಲ್ಲಿ ಹೆಣ್ಣುಮಕ್ಕಳಿಗೆ ಸ್ವಂತದ ಹೆಸರು ಅಪರೂಪವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಯೂಲಿಯುಸ್ ಕುಲದವನ ಮಗಳು ಯೂಲಿಯಾ, ತುಲ್ಲಿಯುಸ್ ಕುಲದ ಸಿಸೆರೋನ ಮಗಳು ತುಲ್ಲಿಯಾ. ಒಂದೇ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ ಇಬ್ಬರಿಗೂ ಅದೇ ಕುಲನಾಮ, ಹಿರಿಯಳು ಕಿರಿಯಳು ಎಂಬ ಗುರುತು ಮಾತ್ರ ಬೇರೆ. ಆದರೆ ಲೂಕಿಯಾ, ಗಾಯಾ, ಪೂಬ್ಲಿಯಾ ಮುಂತಾದ ಕೆಲವು ಹೆಸರುಗಳು ಪುರುಷರ ಸ್ವಂತ ಹೆಸರಿನಿಂದ ಹೆಣ್ಣಿಗೆ ಬಂದವು. ಕುಲದ ಗುರುತಾಗದೆ ವ್ಯಕ್ತಿಯ ಹೆಸರಾಗಿ ಉಳಿದ ಈ ಸಣ್ಣ ಗುಂಪಿಗೆ ನಿಮ್ಮ ಅಜ್ಜಿಯ ಹೆಸರು ಸೇರಿದೆ ಎಂಬುದು ನನಗೆ ಬಹಳ ಬೆಲೆಯುಳ್ಳ ಸಂಗತಿಯಾಗಿ ಕಾಣುತ್ತದೆ.

ಹೆರಿಗೆಯ ದೇವತೆಯಾದ ಯೂನೊಳಿಗೆ ರೋಮನ್ನರು ‘ಲೂಕಿನಾ’ ಎಂಬ ಬಿರುದು ಕೊಟ್ಟಿದ್ದರು. ಕೂಸನ್ನು ಬೆಳಕಿಗೆ ತರುವವಳು ಎಂದು ಅದರ ಅರ್ಥ. ರೋಮಿನ ಎಸ್ಕ್ವಿಲೀನ್ ಗುಡ್ಡದ ಮೇಲೆ ಆಕೆಗೆ ಕ್ರಿ.ಪೂ. 375ರಲ್ಲಿ ಗುಡಿ ಕಟ್ಟಿಸಿದ್ದರು. ರೋಮನ್ ನಾಟಕಕಾರ ಟೆರೆನ್ಸ್‌ನ ನಾಟಕಗಳಲ್ಲಿ ಬೇನೆ ತಿನ್ನುವ ಹೆಂಗಸು ‘ಯೂನೊ ಲೂಕಿನಾ, ನೆರವಾಗು’ ಎಂದು ಕೂಗುತ್ತಾಳೆ. ಇಂದಿಗೂ ಪೋರ್ಚುಗೀಸ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಹೆರುವುದಕ್ಕೆ ‘ಬೆಳಕಿಗೆ ಕೊಡುವುದು’ ಎಂಬ ನುಡಿಗಟ್ಟಿದೆ. ಹೊಸ ಕೂಸಿಗೆ ಇಡಲು ಇದಕ್ಕಿಂತ ಸಲ್ಲುವ ಹೆಸರನ್ನು ಹುಡುಕುವುದು ಕಷ್ಟ.

ಹಳೆ ಕಡತ:

ಕಾಳಿತೀರ ಅವರೇ, ಹಳೆಯ ಪೋರ್ಚುಗೀಸ್ ದಾಖಲೆಗಳನ್ನು ಅಷ್ಟಿಷ್ಟು ಓದಿ ಅಭ್ಯಾಸವಿರುವುದರಿಂದ ಈ ಮಾತನ್ನು ಬರೆಯುತ್ತಿದ್ದೇನೆ. ಆ ಬಾಲವುಳ್ಳ ಅಕ್ಷರ ಜಿ ಅಲ್ಲ, ವೈ ಕೂಡ ಅಲ್ಲ, ಅದು ಜೆಡ್. ಕೈಬರಹದಲ್ಲಿ ಜೆಡ್ ಅಕ್ಷರವನ್ನು ಗೆರೆಯ ಕೆಳಗೆ ಸುತ್ತಿ ಇಳಿಸುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಹಾಗಾದರೆ ಹೆಸರು ‘ಲುಜಿಯಾ’. ಜಕಾರವನ್ನು ಇಲ್ಲಿ ‘ಜಮೀನು’ ಪದವನ್ನು ಉರ್ದು ಬಲ್ಲವರು ಉಚ್ಚರಿಸುವ ಹಾಗೆ, ಹಲ್ಲಿನ ಹಿಂದೆ ಉಸಿರು ಜಾರಿಸಿ ಹೇಳಬೇಕು.

ಲುಜಿಯಾ ಎಂಬುದು ಬೇರೆ ಹೆಸರಲ್ಲ, ಲೂಕಿಯಾ ಎಂಬುದರ ಜನಬಳಕೆಯ ಪೋರ್ಚುಗೀಸ್ ರೂಪ. ಎರಡು ಸ್ವರಗಳ ನಡುವೆ ಬಂದ ಲ್ಯಾಟಿನ್ ಕಕಾರವು, ಮುಂದೆ ಇ ಅಥವಾ ಎ ಸ್ವರವಿದ್ದಾಗ, ಪೋರ್ಚುಗೀಸಿನಲ್ಲಿ ಈ ಜಕಾರವಾಗುವುದು ನಿಯಮ. ಮಾಡು ಎಂಬರ್ಥದ ‘ಫಾಕೆರೆ’ ಅಲ್ಲಿ ‘ಫಜೇರ್’ ಆಯಿತು, ನೆರೆಯವನು ಎಂಬರ್ಥದ ‘ವೀಕೀನುಸ್’ ‘ವಿಜಿನ್ಯು’ ಆಯಿತು. ಹಾಗೆಯೇ ಲೂಕಿಯಾ ಹೋಗಿ ಲುಜಿಯಾ ಆಯಿತು. ಲಿಸ್ಬನ್ನಿನ ಹಳೆಯ ಅಲ್ಫಾಮಾ ಬಡಾವಣೆಯಲ್ಲಿ ಸಾಂತಾ ಲುಜಿಯಾ ಎಂಬ ಹೆಸರಿನ ವೀಕ್ಷಣಾ ಕಟ್ಟೆಯಿದೆ. ಕೇಪ್ ವರ್ಡ್ ದ್ವೀಪಗಳಲ್ಲಿ ಜನವಸತಿಯಿಲ್ಲದ ಒಂದು ದ್ವೀಪಕ್ಕೂ ಇದೇ ಹೆಸರು.

‘ಲೂಸಿಯಾ’ ಎಂಬ ರೂಪವೂ ಪೋರ್ಚುಗೀಸಿನಲ್ಲಿ ಉಂಟು, ಆದರೆ ಅದು ಬಾಯಿಂದ ಬಾಯಿಗೆ ಸವೆದು ಬಂದದ್ದಲ್ಲ; ಓದುಬರಹ ಬಲ್ಲವರು ಲ್ಯಾಟಿನ್ ಪುಸ್ತಕದಿಂದ ಮತ್ತೆ ಎತ್ತಿಕೊಂಡದ್ದು. ನಮ್ಮಲ್ಲಿ ತದ್ಭವ ಮತ್ತು ತತ್ಸಮ ಎಂದು ವಿಂಗಡಿಸುತ್ತೇವಲ್ಲ, ಹಾಗೆಯೇ. ಲುಜಿಯಾ ತದ್ಭವ, ಲೂಸಿಯಾ ತತ್ಸಮ. ಒತ್ತು ಬೀಳುವ ಜಾಗವೂ ಬೇರೆ: ತತ್ಸಮದಲ್ಲಿ ಮೊದಲ ಅಕ್ಷರದ ಮೇಲೆ, ತದ್ಭವದಲ್ಲಿ ‘ಲುಜೀಯ’ ಎಂದು ನಡುವೆ. 1917ರಲ್ಲಿ ಪೋರ್ಚುಗಲ್ಲಿನ ಫಾತಿಮಾದಲ್ಲಿ ಮಾತೆ ಮರಿಯಳ ದರ್ಶನವಾಯಿತೆಂದು ಹೇಳಿದ ಮೂವರು ಮಕ್ಕಳಲ್ಲಿ ಹಿರಿಯಳ ಹೆಸರು ಲೂಸಿಯಾ. ಕ್ರೈಸ್ತ ಕುಟುಂಬಗಳಲ್ಲಿ ಇವತ್ತು ಆ ರೂಪವೇ ಹೆಚ್ಚು ಪರಿಚಿತವಾಗಿರುವುದರಲ್ಲಿ ಆಕೆಯ ಪಾಲು ದೊಡ್ಡದೆಂದು ನನ್ನ ಭಾವನೆ.

ಇನ್ನು ‘ಲೂಸಿ’ ಎಂಬುದು ಇಂಗ್ಲಿಷ್ ರೂಪ. ಅಜ್ಜಿ ಗಡಿ ದಾಟಿ ಬ್ರಿಟಿಷ್ ಆಡಳಿತದ ಕಾರವಾರಕ್ಕೆ ಬಂದಾಗ ಹೆಸರೂ ಗಡಿ ದಾಟಿರಬೇಕು.

ಒಂದು ಸಲಹೆ: ಅದೇ ಪುಟದಲ್ಲಿ ಜೆಡ್ ಬಂದೇ ಬರುವ ಬೇರೆ ಪದವನ್ನು ಹುಡುಕಿ, ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಬರೆದ ಕೈ ಒಂದೇ ಆದ್ದರಿಂದ ಬಾಲವೂ ಒಂದೇ ಬಗೆಯಾಗಿರುತ್ತದೆ. ನನ್ನ ಮಾತನ್ನು ಹಾಗೆಯೇ ನಂಬುವ ಅಗತ್ಯವಿಲ್ಲ.

ಶಬ್ದಮೂಲ:

ಹಳೆ ಕಡತ ಅವರ ತದ್ಭವ–ತತ್ಸಮ ಹೋಲಿಕೆ ಬಹಳ ಸರಿಯಾಗಿದೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಇ ಮತ್ತು ಎ ಸ್ವರಗಳ ಮುಂದೆ ಕಕಾರವು ಮೆದುವಾಗಿ ಚಕಾರ, ಸಕಾರಗಳ ಕಡೆಗೆ ಸರಿಯುವುದು ಯುರೋಪಿನ ಭಾಷೆಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ‘ಕಿವಿ’ ತಮಿಳು ತೆಲುಗುಗಳಲ್ಲಿ ‘ಚೆವಿ’ಯಾಗಿದೆ, ನಮ್ಮ ‘ಕೆರೆ’ ತೆಲುಗಿನಲ್ಲಿ ‘ಚೆರುವು’ ಆಗಿದೆ. ಕನ್ನಡ ಇಂತಹ ಕಡೆ ಹಳೆಯ ಕಕಾರವನ್ನು ಕಾಪಾಡಿಕೊಂಡಿತು. ರೋಮನ್ನರ ಲೂಕಿಯಾ ಇಟಲಿಯಲ್ಲಿ ‘ಲುಚೀಯಾ’ ಆದದ್ದನ್ನು ಕಿವಿ–ಚೆವಿ ಜೋಡಿಯನ್ನು ನೆನೆದರೆ ಕನ್ನಡಿಗರು ತಟ್ಟನೆ ಗ್ರಹಿಸಬಹುದು.

ಇನ್ನೂ ಹಿಂದಕ್ಕೆ ಹೋದರೆ, ಲ್ಯಾಟಿನ್ನಿನ ‘ಲೂಕ್ಸ್’ ಪದಕ್ಕೂ ಸಂಸ್ಕೃತದ ‘ರುಚ್’ ಧಾತುವಿಗೂ ಬೇರು ಒಂದೇ. ರುಚ್ ಎಂದರೆ ಹೊಳೆ. ‘ರುಚಿ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮೊದಲಿಗೆ ಕಾಂತಿ ಎಂಬ ಅರ್ಥವಿತ್ತು. ನಾಲಗೆಯ ರುಚಿ ಆಮೇಲಿನದು. ಹೊಳೆಯುವ ಚಿನ್ನದ ಒಡವೆ ‘ರುಕ್ಮ’, ಅದರಿಂದ ರುಕ್ಮಿಣಿ. ಲಕಾರದ ಕಡೆಯಲ್ಲಿ ‘ಲೋಚನ’, ‘ಆಲೋಕ’, ‘ಲೋಕ’ ಇವೆ. ಸಂಸ್ಕೃತದಲ್ಲಿ ರಕಾರ ಲಕಾರಗಳು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದನ್ನು ‘ರಲಯೋರಭೇದಃ’ ಎಂದು ಹಿಂದಿನವರೇ ಗುರುತಿಸಿದ್ದಾರೆ. ಇರಾನಿನ ಕಡೆ ಇದೇ ಬೇರಿನಿಂದ ರೋಶನ್, ರೋಶನಿ ಬಂದವು; ಅಲೆಕ್ಸಾಂಡರನ ಮಡದಿ ರೊಕ್ಸಾನಾಳ ಹೆಸರೂ ಅದೇ. ಹೀಗಾಗಿ ಕಾರವಾರದ ಒಂದು ತರಗತಿಯಲ್ಲಿ ಲೂಸಿ, ರೋಶನಿ, ರುಕ್ಮಿಣಿ, ಸುಲೋಚನಾ ಎಂಬ ನಾಲ್ವರು ಹುಡುಗಿಯರು ಒಂದೇ ಬೆಂಚಿನಲ್ಲಿ ಕುಳಿತಿದ್ದರೆ, ಅವರ ಹೆಸರುಗಳು ಸಾವಿರಾರು ವರ್ಷಗಳ ಹಿಂದೆ ಒಂದೇ ಮಾತಿನಿಂದ ಕವಲೊಡೆದವು ಎಂದು ಅವರಿಗೆ ಹೇಳಬಹುದು.

ಸಂದೇಹಿ:

ಶಬ್ದಮೂಲ ಅವರ ವಿವರಣೆಯನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ಧ್ವನಿ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಪದಗಳನ್ನು ಗಂಟುಹಾಕುವ ಚಟ ನಮ್ಮಲ್ಲಿ ವಿಪರೀತವಾಗಿದೆ. ಬೆಳಕಿಗೂ ಲೋಕಕ್ಕೂ ಏನು ಸಂಬಂಧ? ರೋಮನ್ನರೂ ಇದೇ ತಪ್ಪು ಮಾಡಿದವರೇ. ಅವರ ಭಾಷೆಯಲ್ಲಿ ದೇವರಕಾಡಿಗೆ ‘ಲೂಕುಸ್’ ಎಂದು ಹೆಸರು. ಅಲ್ಲಿ ಬೆಳಕು ಇಲ್ಲದಿರುವುದರಿಂದಲೇ ಅದಕ್ಕೆ ಬೆಳಕಿನ ಹೆಸರು ಬಂತು ಎಂದು ಅವರ ವ್ಯಾಕರಣಕಾರರು ಬರೆದರು. ವ್ಯುತ್ಪತ್ತಿಯ ಹೆಸರಿನಲ್ಲಿ ಏನನ್ನು ಬೇಕಾದರೂ ಹೇಳಬಹುದು ಎಂಬುದಕ್ಕೆ ಇಂದಿಗೂ ಅದೇ ಉದಾಹರಣೆಯನ್ನು ಕೊಡುತ್ತಾರೆ. ಕವಿ ಓವಿಡ್ ಕೂಡ ಲೂಕಿನಾ ಎಂಬ ಬಿರುದು ದೇವರಕಾಡಿನಿಂದ ಬಂದಿರಬಹುದು ಅಥವಾ ಬೆಳಕಿನಿಂದ ಬಂದಿರಬಹುದು ಎಂದು ಎರಡೂ ಕಡೆಗೆ ವಾಲುತ್ತಾನೆ. ಹಾಗಿರುವಾಗ ಇಷ್ಟು ಖಚಿತವಾಗಿ ಹೇಳುವುದು ಹೇಗೆ?

ಶಬ್ದಮೂಲ:

ಸಂದೇಹಿ ಅವರೇ, ಬಹಳ ಒಳ್ಳೆಯ ಪ್ರಶ್ನೆ. ನೀವು ಎತ್ತಿಕೊಂಡ ಉದಾಹರಣೆಯ ಕಥೆ ಇನ್ನೂ ಮುಂದಿದೆ, ಅದನ್ನು ಪೂರ್ತಿ ಹೇಳಲು ಅವಕಾಶ ಕೊಡಿ.

ಪದಗಳನ್ನು ಜ್ಞಾತಿಗಳೆಂದು, ಅಂದರೆ ಒಂದೇ ಬೇರಿನವೆಂದು, ಒಪ್ಪಲು ಧ್ವನಿಯ ಹೋಲಿಕೆ ಸಾಲದು. ಆ ಹೋಲಿಕೆ ಬೇರೆ ಹತ್ತಾರು ಪದಗಳಲ್ಲಿಯೂ ಒಂದೇ ನಿಯಮದಂತೆ ನಡೆಯಬೇಕು. ಲೂಕಿನಾ ಎಂಬ ಬಿರುದು ಹಳೆಯ ಲ್ಯಾಟಿನ್ ಶಾಸನಗಳಲ್ಲಿ ‘ಲೌಕಿನಾ’ ಎಂದು ಸಂಧ್ಯಕ್ಷರದೊಂದಿಗೆ, ಅಂದರೆ ಎರಡು ಸ್ವರಗಳು ಕೂಡಿದ ಧ್ವನಿಯೊಂದಿಗೆ, ದೊರೆಯುತ್ತದೆ. ಮುಂದೆ ಆ ಸಂಧ್ಯಕ್ಷರ ಲ್ಯಾಟಿನ್ನಿನಲ್ಲಿ ದೀರ್ಘ ಊಕಾರವಾಯಿತು, ಸಂಸ್ಕೃತದಲ್ಲಿ ಓಕಾರವಾಯಿತು. ಲ್ಯಾಟಿನ್ನಿನ ಲೂಕ್‌ಗೆ ಎದುರಾಗಿ ಸಂಸ್ಕೃತದಲ್ಲಿ ಲೋಕ್, ರೋಚ್ ಎಂಬ ರೂಪಗಳು ನಿಲ್ಲುವುದು ಈ ಕಾರಣದಿಂದ.

ಈಗ ಲೋಕದ ವಿಷಯ. ವೇದದ ಭಾಷೆಯಲ್ಲಿ ಲೋಕ ಎಂದರೆ ಮೊದಲಿಗೆ ಜಗತ್ತಲ್ಲ. ತೆರೆದ ಜಾಗ, ಅವಕಾಶ. ಲಿಥುವೇನಿಯನ್ ಭಾಷೆಯಲ್ಲಿ ಇದರ ಜ್ಞಾತಿಯಾದ ‘ಲೌಕಸ್’ ಎಂದರೆ ಬಯಲು, ಹೊಲ. ಲ್ಯಾಟಿನ್ನಿನ ‘ಲೂಕುಸ್’ ಕೂಡ ಮೂಲತಃ ದಟ್ಟ ಕಾಡಿನ ಹೆಸರಲ್ಲ, ಕಾಡಿನ ನಡುವೆ ಮರ ಸವರಿ ಬಿಸಿಲು ನೆಲಕ್ಕೆ ಬೀಳುವಂತೆ ಮಾಡಿದ ತೆರಪು. ದೇವರಿಗೆ ಬಲಿ ಕೊಡುತ್ತಿದ್ದುದು ಆ ತೆರಪಿನಲ್ಲಿ. ಕಾಲಾಂತರದಲ್ಲಿ ಅದರ ಹೆಸರು ಸುತ್ತಲಿನ ಮರಗಳಿಗೂ ವ್ಯಾಪಿಸಿತು. ಹೀಗೆ, ಬೆಳಕಿಲ್ಲದ್ದರಿಂದ ಬೆಳಕಿನ ಹೆಸರು ಎಂಬ ಕಾರಣ ತಪ್ಪು, ಆದರೆ ದೇವರಕಾಡಿಗೂ ಬೆಳಕಿಗೂ ಇರುವ ನಂಟು ನಿಜ. ಓವಿಡ್ ಹೇಳಿದ ಎರಡು ದಾರಿಗಳೂ ಕೊನೆಗೆ ಒಂದೇ ಊರಿಗೆ ಹೋಗುತ್ತವೆ.

ನಿಮ್ಮ ಎಚ್ಚರಿಕೆ ಬೇರೊಂದು ಕಡೆಗೆ ಖಂಡಿತ ಸಲ್ಲುತ್ತದೆ. ಕನ್ನಡದ ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು ಇವೆಲ್ಲ ದ್ರಾವಿಡ ಪದಗಳು; ‘ಳಕು’ ಎಂಬ ಧ್ವನಿ ಇದೆಯೆಂದು ಯಾರಾದರೂ ಬೆಳಕನ್ನು ಲೂಕ್ಸ್ ಪದಕ್ಕೆ ಜೋಡಿಸಿದರೆ ಅದು ಶುದ್ಧ ತಪ್ಪು. ಬಿಳುಪು ಮತ್ತು ಬೆಳಕು ಒಂದೇ ಬೇರಿನಿಂದ ಬರುವುದು ಮಾತ್ರ ಎರಡೂ ಕಡೆ ಕಾಣುತ್ತದೆ: ಲೂಕ್ಸ್ ಪದದ ಗ್ರೀಕ್ ಜ್ಞಾತಿಯಾದ ‘ಲೆವ್ಕೋಸ್’ ಎಂದರೆ ಬಿಳಿಯ.

ಸಂದೇಹಿ:

ಲೂಕುಸ್ ವಿಚಾರದಲ್ಲಿ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಮಲೆನಾಡಿನ ದೇವರಕಾಡುಗಳಲ್ಲಿಯೂ ಕಲ್ಲು ನಿಲ್ಲಿಸಿದ ಜಾಗದ ಸುತ್ತ ಒಂದಿಷ್ಟು ತೆರಪು ಇರುವುದನ್ನು ಎಷ್ಟೋ ಸಲ ನೋಡಿದ್ದರೂ ನನಗೆ ಇದು ಹೊಳೆದಿರಲಿಲ್ಲ.

ಸಂಜೆ ಗಂಟೆ:

ಲೂಸಿಫರ್ ಬಗ್ಗೆ ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಲೂಸಿಯಾ ಎಂಬ ಹೆಸರು ಲೂಸಿಫರ್ ಎಂಬುದರಿಂದ ಬಂದಿಲ್ಲ. ಎರಡೂ ಪದಗಳಲ್ಲಿ ಬೆಳಕು ಎಂಬ ಮಾತಿದೆ, ಅಷ್ಟೆ. ಲೂಸಿಫರ್ ಎಂದರೆ ಬೆಳಕನ್ನು ಹೊತ್ತು ತರುವವನು; ರೋಮನ್ನರು ಬೆಳ್ಳಿಚುಕ್ಕಿಯನ್ನು, ಅಂದರೆ ಮುಂಜಾನೆ ಕಾಣುವ ಶುಕ್ರಗ್ರಹವನ್ನು, ಹಾಗೆ ಕರೆಯುತ್ತಿದ್ದರು. ಯೆಶಾಯನ ಗ್ರಂಥದ 14ನೆಯ ಅಧ್ಯಾಯದಲ್ಲಿ ಬಾಬಿಲೋನಿನ ಅರಸನನ್ನು ‘ಆಕಾಶದಿಂದ ಬಿದ್ದ ಬೆಳ್ಳಿಚುಕ್ಕಿ’ ಎಂದು ಹಂಗಿಸುವ ಮಾತು ಬರುತ್ತದೆ. ಅದರ ಲ್ಯಾಟಿನ್ ಅನುವಾದದಲ್ಲಿ ಲೂಸಿಫರ್ ಎಂಬ ಪದ ಬಂತು, ಮುಂದೆ ಆ ಸಾಲನ್ನು ಸೈತಾನನಿಗೆ ಅನ್ವಯಿಸಿದ್ದರಿಂದ ಪದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿತು. ನಾಲ್ಕನೆಯ ಶತಮಾನದಲ್ಲಿ ಸಾರ್ಡೀನಿಯಾದ ಕಾಲ್ಯರಿ ನಗರದ ಬಿಷಪ್ಪನ ಹೆಸರೇ ಲೂಸಿಫರ್ ಎಂದಿತ್ತು. ಈಸ್ಟರ್ ಹಿಂದಿನ ರಾತ್ರಿ ದೊಡ್ಡ ಮೇಣದಬತ್ತಿಯ ಮುಂದೆ ಹಾಡುವ ಲ್ಯಾಟಿನ್ ಸ್ತೋತ್ರದಲ್ಲಿ ಕ್ರಿಸ್ತನನ್ನೇ ಅಸ್ತವಾಗದ ಬೆಳ್ಳಿಚುಕ್ಕಿ ಎಂದು ಕರೆಯುವಾಗ ಬಳಸಿರುವುದೂ ಇದೇ ಪದ. ಬಂಧುಗಳಿಗೆ ಇದನ್ನು ತಾಳ್ಮೆಯಿಂದ ತಿಳಿಸಿ.

ನಿಮ್ಮ ಅಜ್ಜಿಯ ಹೆಸರಿನ ಹಿಂದೆ ನಿಂತಿರುವವಳು ಸಿಸಿಲಿಯ ಸಿರಾಕ್ಯೂಸ್ ನಗರದ ಸಂತ ಲೂಸಿಯಾ. ಚಕ್ರವರ್ತಿ ಡಯೋಕ್ಲೀಷನ್ ನಡೆಸಿದ ಹಿಂಸೆಯ ಕಾಲದಲ್ಲಿ, ಪರಂಪರೆಯ ಪ್ರಕಾರ 304ರಲ್ಲಿ, ಆಕೆ ಹುತಾತ್ಮಳಾದಳು. ಸಿರಾಕ್ಯೂಸ್ ಗ್ರೀಕ್ ಮಾತನಾಡುವ ಊರು; ತಾಯಿಯ ಹೆಸರು ಯೂತಿಖಿಯಾ ಎಂಬ ಗ್ರೀಕ್ ಹೆಸರು, ಮಗಳದು ಲ್ಯಾಟಿನ್ ಹೆಸರು. ಆಕೆಯ ಕುರಿತು ದೊರೆತಿರುವ ಅತಿ ಹಳೆಯ ಗುರುತು ಒಂದು ಸಮಾಧಿಯ ಕಲ್ಲು. 1894ರಲ್ಲಿ ಪಾವೊಲೊ ಓರ್ಸಿ ಎಂಬ ಪುರಾತತ್ತ್ವಜ್ಞನಿಗೆ ಸಿರಾಕ್ಯೂಸಿನ ನೆಲದಡಿಯ ಸಮಾಧಿಗಳಲ್ಲಿ ಅದು ಸಿಕ್ಕಿತು. ಯೂಸ್ಕಿಯಾ ಎಂಬ ಹೆಂಗಸು ತನ್ನ ಒಡತಿಯಾದ ಲೂಕಿಯಾಳ ಹಬ್ಬದ ದಿನ ತೀರಿಕೊಂಡಳೆಂದು ಅದರ ಮೇಲೆ ಗ್ರೀಕಿನಲ್ಲಿ ಬರೆದಿದೆ. ಸಂತಳ ಹೆಸರನ್ನು ರೋಮಿನ ಬಲಿಪೂಜೆಯ ಪ್ರಾರ್ಥನೆಯಲ್ಲಿಯೇ ಅಗಾತಾ, ಆಗ್ನೆಸ್, ಸಿಸಿಲಿಯಾರ ಜೊತೆಗೆ ಇಂದಿಗೂ ಉಚ್ಚರಿಸುತ್ತಾರೆ. ಡಾಂಟೆಯ ಮಹಾಕಾವ್ಯದಲ್ಲಿ ದಾರಿ ತಪ್ಪಿದ ಕವಿಗೆ ನೆರವು ಕಳುಹಿಸುವ ಮೂವರು ಸ್ತ್ರೀಯರಲ್ಲಿ ಈಕೆಯೂ ಒಬ್ಬಳು.

ಆಕೆ ತಟ್ಟೆಯಲ್ಲಿ ಎರಡು ಕಣ್ಣುಗಳನ್ನು ಹಿಡಿದು ನಿಂತಿರುವ ಪಟವನ್ನು ನೀವು ನೋಡಿರಬಹುದು. ಕಣ್ಣು ಕಿತ್ತ ಕಥೆ ಹಳೆಯ ಚರಿತ್ರೆಯಲ್ಲಿ ಇಲ್ಲ. ಅದು ಮಧ್ಯಯುಗದ ಕೊನೆಗೆ ಸೇರಿಕೊಂಡದ್ದು. ಹೆಸರಿನಲ್ಲಿ ಬೆಳಕು ಇದ್ದುದರಿಂದ ಕಣ್ಣಿನ ಬೇನೆಯವರು ಆಕೆಗೆ ಮೊರೆಯಿಟ್ಟರು, ಆ ಮೊರೆಯಿಂದ ಕಥೆ ಬೆಳೆಯಿತು ಎಂದು ನನಗೆ ತೋರುತ್ತದೆ. ಹೆಸರಿನ ಅರ್ಥವೇ ಹೀಗೆ ಒಬ್ಬಳ ಚರಿತ್ರೆಯನ್ನು ತಿದ್ದಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಉಪ್ಸಾಲಾ ನಿವಾಸಿ:

ಹಬ್ಬದ ಮಾತು ಬಂದದ್ದರಿಂದ ಸ್ವೀಡನ್ನಿನಿಂದ ನಾಲ್ಕು ಸಾಲು. ಇಲ್ಲಿ ಡಿಸೆಂಬರ್ 13ರಂದು ಲೂಸಿಯಾ ದಿನವನ್ನು ಶಾಲೆ, ಕಚೇರಿ, ಆಸ್ಪತ್ರೆಗಳಲ್ಲೆಲ್ಲ ಆಚರಿಸುತ್ತಾರೆ. ಹೊರಗೆ ಇನ್ನೂ ಕಗ್ಗತ್ತಲೆಯಿರುವ ಬೆಳಗಿನ ಹೊತ್ತಿನಲ್ಲಿ, ಬಿಳಿಯ ನಿಲುವಂಗಿ ತೊಟ್ಟು ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿದ ಹುಡುಗಿಯೊಬ್ಬಳು ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟವಿಟ್ಟುಕೊಂಡು ಮುಂದೆ ನಡೆಯುತ್ತಾಳೆ. ಉಳಿದವರು ಕೈಯಲ್ಲಿ ಒಂದೊಂದು ಬತ್ತಿ ಹಿಡಿದು ಹಾಡುತ್ತ ಹಿಂಬಾಲಿಸುತ್ತಾರೆ. ಕೆಂಪು ಪಟ್ಟಿ ಹುತಾತ್ಮಳ ರಕ್ತದ ಗುರುತು ಎನ್ನುತ್ತಾರೆ. ನನ್ನ ಮಗಳ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಬ್ಯಾಟರಿಯ ಬತ್ತಿಗಳನ್ನೇ ಕೊಡುತ್ತಾರೆ. ಹಾಡಿನ ಬಳಿಕ ಎಲ್ಲರಿಗೂ ಕೇಸರಿ ಹಾಕಿ ಬೇಯಿಸಿದ, ಎರಡು ಸುರುಳಿಗಳ ನಡುವೆ ಒಣದ್ರಾಕ್ಷಿ ಒತ್ತಿದ ಹಳದಿ ಬನ್ನುಗಳು.

ಸಿಸಿಲಿಯ ಸಂತಳಿಗೆ ಇಷ್ಟು ದೂರದ ಪ್ರಾಟೆಸ್ಟಂಟ್ ನಾಡಿನಲ್ಲಿ ಇಂತಹ ಮನ್ನಣೆ ಏಕೆಂದರೆ, ಹಳೆಯ ಜೂಲಿಯನ್ ಪಂಚಾಂಗದಲ್ಲಿ ದಿನಗಳು ಸ್ವಲ್ಪ ಸ್ವಲ್ಪವೇ ಜಾರಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ವರ್ಷದ ಅತಿ ದೀರ್ಘ ರಾತ್ರಿ ಡಿಸೆಂಬರ್ 13ರ ಆಸುಪಾಸಿಗೆ ಬಂದು ನಿಂತಿತ್ತು. ಸ್ವೀಡನ್ 1753ರಲ್ಲಿ ಹೊಸ ಪಂಚಾಂಗಕ್ಕೆ ಬದಲಾಯಿತು, ಹಬ್ಬ ಮಾತ್ರ ಹಳೆಯ ತಾರೀಖಿನಲ್ಲಿಯೇ ಉಳಿಯಿತು. ಈ ದಿನಗಳಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಕಿನ ಹೆಸರಿನವಳನ್ನು ಜನ ಏಕೆ ಬಿಟ್ಟುಕೊಡಲಿಲ್ಲ ಎಂಬುದು ಇಲ್ಲಿ ಒಂದು ಚಳಿಗಾಲ ಕಳೆದರೆ ತಿಳಿಯುತ್ತದೆ.

ಸಿಸಿಲಿಯಲ್ಲಿ ಅದೇ ದಿನ ಬ್ರೆಡ್ಡು, ಪಾಸ್ತಾ ಮುಟ್ಟದೆ ‘ಕುಚ್ಚೀಯಾ’ ಎಂಬ ಬೇಯಿಸಿದ ಇಡಿ ಗೋಧಿಯನ್ನು ತಿನ್ನುತ್ತಾರೆ. ಬರಗಾಲದಲ್ಲಿ ಸಂತಳ ಹಬ್ಬದ ದಿನವೇ ಗೋಧಿಯ ಹಡಗು ಬಂದು, ಹಸಿದ ಜನ ಬೀಸಲೂ ಕಾಯದೆ ಬೇಯಿಸಿ ತಿಂದರೆಂಬ ನೆನಪಿಗೆ. ನಮ್ಮ ಗುಗ್ಗರಿ ತಿಂದು ಬೆಳೆದವರಿಗೆ ಅದು ಹೊಸದೆನಿಸುವುದಿಲ್ಲ.

ಕಾಳಿತೀರ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತಟ್ಟೆಯಲ್ಲಿ ಕಣ್ಣುಗಳನ್ನು ಹಿಡಿದ ಪಟ ಅಜ್ಜಿಯ ಮಂಚದ ತಲೆಯ ಕಡೆಗಿತ್ತು. ಚಿಕ್ಕಂದಿನಲ್ಲಿ ನಾವು ಅದಕ್ಕೆ ಹೆದರಿ ಆ ಕೋಣೆಯಲ್ಲಿ ಮಲಗುತ್ತಿರಲಿಲ್ಲ. ಅಜ್ಜಿಗೆ ಪೊರೆಯ ಶಸ್ತ್ರಚಿಕಿತ್ಸೆ ಆದಾಗ ಅವರು ಆ ಪಟವನ್ನು ಚೀಲದಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದರು. ಅದು ಅವರ ಹೆಸರಿನದೇ ಸಂತಳ ಪಟ ಎಂಬುದು ನನಗೆ ಇವತ್ತು ತಿಳಿಯಿತು. ಕೇಳಬೇಕಾದ ಕಾಲದಲ್ಲಿ ಕೇಳಲಿಲ್ಲವೆಂದು ದುಃಖವಾಗುತ್ತಿದೆ.

ಇನ್ನೊಂದು ಪ್ರಶ್ನೆ. ತಮ್ಮನ ಹೆಸರು ಲೂಕ. ಅಪ್ಪನೂ ಮಗಳೂ ಒಂದೇ ಬೇರಿನ ಹೆಸರಿನವರಾಗುತ್ತಾರೆಯೇ?

ಶಬ್ದಮೂಲ:

ಆ ನಂಟನ್ನು ಖಚಿತವೆಂದು ಹೇಳಲಾಗದು. ಲೂಕ ಎಂಬುದು ಗ್ರೀಕಿನ ‘ಲೂಕಾಸ್’. ಅದನ್ನು ದಕ್ಷಿಣ ಇಟಲಿಯ ಲೂಕಾನಿಯಾ ಪ್ರಾಂತದವನು ಎಂಬರ್ಥದ ಹೆಸರಿನ ಮೊಟಕು ರೂಪವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಲೂಕಿಯುಸ್ ಎಂಬುದರ ಮೊಟಕು ಎನ್ನುವವರೂ ಇದ್ದಾರೆ. ಹಾಗೆಯೇ ಕ್ಲಾರಾ, ಕ್ಲೇರ್ ಹೆಸರುಗಳಿಗೂ ಬೆಳಕಿನ ಅರ್ಥ ಹೇಳುತ್ತಾರಾದರೂ ಅವು ಬೇರೊಂದು ಲ್ಯಾಟಿನ್ ಪದದಿಂದ ಬಂದವು. ಲುಸಿಲ್ಲಾ, ಲುಸೀಲ್ ಮಾತ್ರ ನಿಮ್ಮ ಅಜ್ಜಿಯ ಹೆಸರಿನ ಹತ್ತಿರದ ಒಡಹುಟ್ಟುಗಳು.

ತುಂಗಾತೀರ:

‘ಲೂಸು’ ಎಂಬ ಅಳುಕಿನ ಬಗ್ಗೆ ಒಬ್ಬ ಶಿಕ್ಷಕಿಯಾಗಿ ಹೇಳುತ್ತೇನೆ. ಆ ಬೈಗುಳ ಸಡಿಲ ಎಂಬರ್ಥದ ಇಂಗ್ಲಿಷ್ ಪದದಿಂದ ಬಂದದ್ದು, ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಏಳು ವರ್ಷದ ಮಗುವಿಗೆ ವ್ಯುತ್ಪತ್ತಿ ಹೇಳಿ ಸಮಾಧಾನ ಮಾಡಲಾಗುವುದಿಲ್ಲ. ತಾಯಿಯ ಭಯ ಸಣ್ಣದಲ್ಲ. ಶಾಲೆಯ ದಾಖಲೆಯಲ್ಲಿ ಲುಜಿಯಾ ಎಂದಿದ್ದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಳೆ ಕಡತ ಅವರ ಓದು ಸರಿಯೆಂದಾದರೆ ಅದನ್ನೇ ಇಡಿ.

ಕಾಳಿತೀರ:

ನಿನ್ನೆ ರಾತ್ರಿ ಮಗು ಮಲಗಿದ ಮೇಲೆ ತಮ್ಮ, ಅವನ ಹೆಂಡತಿ ಮತ್ತು ನಾನು ಆ ಪುಟದ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿಕೊಂಡು ಕುಳಿತೆವು. ಹಳೆ ಕಡತ ಅವರು ಹೇಳಿದಂತೆ ಬೇರೆ ಜೆಡ್ ಅಕ್ಷರಗಳನ್ನು ಹುಡುಕಿದೆವು. ಹೆಸರಿನ ಸಾಲಿಗಿಂತ ಮೇಲೆ ದಿನಾಂಕವನ್ನು ಅಂಕಿಗಳಲ್ಲಿ ಬರೆಯದೆ ಅಕ್ಷರಗಳಲ್ಲಿಯೇ ಬರೆದಿದ್ದಾರೆ. ಪೋರ್ಚುಗೀಸಿನಲ್ಲಿ ಡಿಸೆಂಬರಿಗೆ ‘ದೆಜೆಂಬ್ರು’ ಎನ್ನುತ್ತಾರಂತೆ. ಅದರ ನಡುವೆ ಅದೇ ಅಕ್ಷರ, ಅದೇ ಬಾಲ, ಅದೇ ಬಲಗಡೆಗೆ ಎಳೆದ ಕೊಕ್ಕೆ. ಅದರ ಹಿಂದಿನ ಪದದಲ್ಲಿಯೂ ಅದೇ ಅಕ್ಷರವಿತ್ತು. ನಿಘಂಟು ತೆರೆದು ನೋಡಿದೆವು: ‘ತ್ರೆಜಿ’, ಹದಿಮೂರು.

ಅಜ್ಜಿಗೆ ತಾನು ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಕ್ರಿಸ್ಮಸ್ಸಿನ ಆಸುಪಾಸು ಎನ್ನುತ್ತಿದ್ದರು, ಅಷ್ಟೆ. ಆಸ್ಪತ್ರೆಯ ಕಾಗದಗಳಲ್ಲಿ ಜನವರಿ 1 ಎಂದು ಬರೆಸಿದ್ದೆವು. ಅವರು ಹುಟ್ಟಿದ್ದು ಸಂತ ಲೂಸಿಯಾಳ ಹಬ್ಬದ ದಿನ.

ಶಬ್ದಮೂಲ ಅವರಿಗೆ ಒಂದು ಮಾತು. ಹುಟ್ಟಿದ ಗಂಟೆಯನ್ನೂ ಪಾದ್ರಿಗಳು ದಾಖಲಿಸಿದ್ದಾರೆ. ಮೂರನೆಯ ಜೆಡ್ ಸಿಕ್ಕಿದ್ದು ಅಲ್ಲಿ: ‘ಓಂಜಿ’, ರಾತ್ರಿ ಹನ್ನೊಂದು ಗಂಟೆ. ವಾರ್ರೋ ಹೇಳಿದ ಬೆಳಗಿನ ಹೊತ್ತು ಅಜ್ಜಿಗೆ ಹೊಂದುವುದಿಲ್ಲ. ಅವರಿಗೆ ಹೆಸರು ಬಂದದ್ದು ಹಬ್ಬದಿಂದ. ಆದರೆ ತಮ್ಮನ ಮಗಳು ಹುಟ್ಟಿದ್ದು ಬೆಳಗಿನ ಆರೂಕಾಲಕ್ಕೆ.

ನಗರಸಭೆಯ ಅರ್ಜಿಯಲ್ಲಿ ‘ಲುಜಿಯಾ’ ಎಂದು ತುಂಬಿದ್ದೇವೆ. ಬರೆದದ್ದು ತಮ್ಮನ ಹೆಂಡತಿ.